ಸ್ಟಾರ್ ಟ್ರೆಕ್ ಕಾಲರೇಖೆಗೆ ದೀಪಾವಳಿಯ ಮೊಳೆ

ಈ ಮಳೆಗಾಲ ಶಿರಸಿಯ ಮನೆಯ ಮಹಡಿಯಲ್ಲಿ ಒಂದು ಕೆಲಸ ಹಿಡಿದಿದ್ದೆ. ಮುಂದಿನ ಶತಮಾನಗಳ ಅಂತರಿಕ್ಷ ಯಾನದ ಕತೆ ಹೇಳುವ ಅಮೆರಿಕದ ಟಿವಿ ಸರಣಿ ಸ್ಟಾರ್ ಟ್ರೆಕ್. ಅದರ ಧಾರಾವಾಹಿಗಳ ಮುಖ್ಯ ಘಟನೆಗಳನ್ನೆಲ್ಲ ಒಂದೇ ಕಾಲರೇಖೆಯ ಮೇಲೆ ಕೂರಿಸುವ ಕೆಲಸ. ಯಾವ ಘಟನೆ ಯಾವ ವರ್ಷ, ಅದಕ್ಕೆ ಸಾಕ್ಷಿ ಏನು, ಆ ಸಾಕ್ಷಿ ಎಷ್ಟು ಗಟ್ಟಿ ಅನ್ನೋದು ಒಂದೇ ನೋಟಕ್ಕೆ ಕಾಣಬೇಕು ಅಂತ ಆಸೆ.

ಇಂಥ ಪಟ್ಟಿಗಳು ಬೇಕಾದಷ್ಟಿವೆ. ಧಾರಾವಾಹಿಯಲ್ಲೇ ಕೆಲಸ ಮಾಡುತ್ತಿದ್ದ ಮೈಕೆಲ್ ಒಕುಡಾ ಮತ್ತು ಡೆನಿಸ್ ಒಕುಡಾ ದಂಪತಿ 1993ರಲ್ಲೇ ಇದನ್ನು ಪುಸ್ತಕವಾಗಿ ತಂದರು. ಹಳೇ ಕಂತುಗಳು ಪ್ರಸಾರವಾದ ವರ್ಷಕ್ಕೆ 300 ಸೇರಿಸಿದರೆ ಕತೆಯ ವರ್ಷ ಬರುತ್ತದೆ ಅನ್ನೋದು ಅವರ ಸೂತ್ರ. ಆಮೇಲಿನ ಪಟ್ಟಿಗಳಲ್ಲಿ ಬಹುಪಾಲು ಅದೇ ವರ್ಷಗಳು. ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ಪಟ್ಟಿ ನೋಡಿದರೆ ಎಲ್ಲ ವರ್ಷಗಳೂ ಒಂದೇ ತೂಕದವು ಅನಿಸುತ್ತವೆ. ಪಾತ್ರವೇ ಬಾಯಿಬಿಟ್ಟು ಹೇಳಿದ ವರ್ಷ, ಯಾರೋ ಕೂಡಿ ಕಳೆದು ತೆಗೆದ ವರ್ಷ, ಎರಡೂ ಅಕ್ಕಪಕ್ಕ ಕೂತಿರುತ್ತವೆ. ನನಗೆ ಅವು ಬೇರೆ ಬೇರೆಯಾಗಿ ಕಾಣಬೇಕಿತ್ತು.

ಮೊದಲು ಹಲಗೆಯ ವಿಷಯ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಕಾಗದ ಅಂಟಿಸಿದರೆ ನಿಲ್ಲುವುದಿಲ್ಲ. ಥಂಡಿ ಹೀರಿ ಉಬ್ಬುತ್ತದೆ, ಅಳತೆಯೇ ತಪ್ಪುತ್ತದೆ. ಅದಕ್ಕೆ ಅಳತೆಯ ಗೆರೆಗಳನ್ನು ನೇರವಾಗಿ ಪ್ಲೈವುಡ್ ಮೇಲೆ ಎಳೆದೆ. ಎಂಟು ಅಡಿಯ ಎರಡು ಪಟ್ಟಿ, ಮೇಲೆ ಎನಾಮಲ್ ಬಣ್ಣ. ವರ್ಷಕ್ಕೆ ಒಂದು ಸೆಂಟಿಮೀಟರ್. 2063ರಿಂದ 2404ರವರೆಗೆ ಮೂರೂವರೆ ಮೀಟರ್ ಒಳಗೆ ಮುಗಿಯುತ್ತದೆ. ಆದರೆ 2363ರಿಂದ 2378ರ ನಡುವೆ ಮೂರು ಧಾರಾವಾಹಿಗಳು ಕಿಕ್ಕಿರಿದಿವೆ. ಆ ತುಂಡಿಗೆ ಬೇರೆ ಹಲಗೆ ಮಾಡಿ ವರ್ಷಕ್ಕೆ 20 ಸೆಂಟಿಮೀಟರ್ ಕೊಟ್ಟೆ. ಕಬ್ಬಿಣದ ಪಿನ್ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ತಲೆಯ ಹಿತ್ತಾಳೆ ಪಿನ್ ಒಳ್ಳೆಯದು. ಹತ್ತಿ ದಾರಕ್ಕೆ ಬೂಸ್ಟು ಬರುತ್ತದೆ. ಕುಮಟಾದಿಂದ ಬಲೆಗೆ ಹಾಕುವ ನೈಲಾನ್ ದಾರ ತರಿಸಿದೆ. ಚೀಟಿ ಬರೆಯಲು ಜೆಲ್ ಪೆನ್ ಬೇಡ, ಥಂಡಿಗೆ ಕದಡುತ್ತದೆ. ಸಾದಾ ಬಾಲ್ ಪೆನ್ ಸಾಕು.

ಚೀಟಿಗೆ ಬಣ್ಣ ಹಂಚಿದೆ. ತೆರೆಯ ಮೇಲೆ ವರ್ಷವನ್ನೇ ಹೇಳಿದ್ದರೆ ಕೆಂಪು. 'ಇಷ್ಟು ವರ್ಷದ ಹಿಂದೆ' ಅಂತ ಅಂತರ ಹೇಳಿದ್ದರೆ ಹಳದಿ. ಬರೀ ಸ್ಟಾರ್‌ಡೇಟ್ (ಪಾತ್ರಗಳು ತಾರೀಕಿನ ಬದಲು ಹೇಳುವ ಸಂಖ್ಯೆ) ಇದ್ದರೆ ಬಿಳಿ. ಪುಸ್ತಕದಲ್ಲಿ ಮಾತ್ರ ಇರುವುದನ್ನು ಪೆನ್ಸಿಲ್‌ನಲ್ಲಿ ಬರೆದೆ, ಅಳಿಸಲು ಬರಬೇಕಲ್ಲ. ಕೆಂಪಿಗೂ ಬಿಳಿಗೂ ತಕರಾರು ಬಂದರೆ ಕೆಂಪೇ ಗೆಲ್ಲಬೇಕು. ಈ ನಿಯಮ ಮೊದಲೇ ಬರೆದಿಟ್ಟುಕೊಂಡಿದ್ದೆ.

1966ರ ಮೊದಲ ಧಾರಾವಾಹಿಯಲ್ಲಿ ಕೆಂಪು ಚೀಟಿಗೆ ಗತಿಯೇ ಇಲ್ಲ. ಯಾವ ಶತಮಾನ ಅಂತ ಹೇಳಬಾರದು ಅನ್ನೋದೇ ತಯಾರಕರ ತೀರ್ಮಾನವಾಗಿತ್ತು. ಅದರ ಫಲ 1967ರ ಮೊದಲ ಎರಡು ತಿಂಗಳಲ್ಲಿ ಬಂದ ಮೂರು ಕಂತುಗಳಲ್ಲಿ ಕಾಣುತ್ತದೆ. 'ಸ್ಪೇಸ್ ಸೀಡ್'ನಲ್ಲಿ 1990ರ ದಶಕದಲ್ಲಿ ಯುದ್ಧ ಮಾಡಿದ್ದ ಸರ್ವಾಧಿಕಾರಿ ಖಾನ್ ನಿದ್ದೆಯಿಂದ ಏಳುತ್ತಾನೆ. ನೀನು ಎರಡು ಶತಮಾನ ಮಲಗಿದ್ದೆ ಅಂತ ಎಂಟರ್‌ಪ್ರೈಸ್ ಹಡಗಿನ ಕ್ಯಾಪ್ಟನ್ ಕರ್ಕ್ ಅವನಿಗೆ ಹೇಳುತ್ತಾನೆ. ಅಂದರೆ 2190ರ ಆಸುಪಾಸು. 'ಟುಮಾರೋ ಈಸ್ ಯೆಸ್ಟರ್‌ಡೇ'ಯಲ್ಲಿ ಕರ್ಕ್ 1960ರ ದಶಕಕ್ಕೆ ಬಂದು ಸಿಕ್ಕಿಬೀಳುತ್ತಾನೆ. ಇನ್ನೂರು ವರ್ಷ ಒಳಗೆ ಹಾಕ್ತೀನಿ ಅಂತ ಅಧಿಕಾರಿ ಗದರಿದಾಗ, ಅದು ಹೆಚ್ಚುಕಮ್ಮಿ ಸರಿಯಾಗುತ್ತದೆ ಅನ್ನುತ್ತಾನೆ. ಹಾಗಾದರೆ 2160ರ ಆಸುಪಾಸು. 'ಸ್ಕ್ವೈರ್ ಆಫ್ ಗೋಥೋಸ್'ನಲ್ಲಿ 900 ಜ್ಯೋತಿರ್ವರ್ಷ ದೂರದಿಂದ ಭೂಮಿಯನ್ನು ನೋಡುತ್ತಿರುವವನೊಬ್ಬ 1804ರಲ್ಲಿ ಸತ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬಗ್ಗೆ ಮಾತಾಡುತ್ತಾನೆ. ಈಗ ಲೆಕ್ಕ 2704 ದಾಟಿತು. ಒಂದೇ ಹಡಗು, ಒಂದೇ ಸೀಸನ್, ಐನೂರು ವರ್ಷದ ವ್ಯತ್ಯಾಸ.

ಆಗಿನ ಸ್ಟಾರ್‌ಡೇಟ್ ಕೂಡ ಕೈಹಿಡಿಯುವುದಿಲ್ಲ. 1966ರ ಸೆಪ್ಟೆಂಬರ್ 8ರಂದು ಮೊದಲು ಪ್ರಸಾರವಾದ 'ಮ್ಯಾನ್ ಟ್ರ್ಯಾಪ್' ಕಂತಿನದು 1513.1. ಎರಡು ತಿಂಗಳ ನಂತರ ಬಂದ 'ಕಾರ್ಬೊಮೈಟ್ ಮನೂವರ್'ದು 1512.2. ಬರಹಗಾರರು ನಾಲ್ಕಂಕಿಯ ಯಾವ ಸಂಖ್ಯೆಯನ್ನಾದರೂ ಬಳಸಬಹುದಿತ್ತು. ಹಾಗಾಗಿ ಆ ಧಾರಾವಾಹಿಯನ್ನು ಮುಂದಿನಿಂದ ಹಿಂದಕ್ಕೆ ಅಳೆಯುವುದೇ ದಾರಿ.

ಮುಂದೆ ಒಂದು ಗಟ್ಟಿ ಗೂಟ ಇದೆ. ಕರ್ಕ್ ನಂತರದ ಪೀಳಿಗೆಯ ಧಾರಾವಾಹಿ 'ನೆಕ್ಸ್ಟ್ ಜನರೇಷನ್'ನ ಮೊದಲ ಸೀಸನ್‌ನ ಕೊನೆ ಕಂತು, 1988ರಲ್ಲಿ ಬಂದ 'ನ್ಯೂಟ್ರಲ್ ಝೋನ್'. ಅದರಲ್ಲಿ ಇಪ್ಪತ್ತನೇ ಶತಮಾನದಿಂದ ಹೆಪ್ಪುಗಟ್ಟಿ ಬಂದವರಿಗೆ ಹಡಗಿನ ಅಧಿಕಾರಿ, ಡೇಟಾ ಎಂಬ ಹೆಸರಿನ ಮನುಷ್ಯರೂಪದ ಯಂತ್ರ, ಹೇಳುತ್ತಾನೆ: ನಿಮ್ಮ ಕ್ಯಾಲೆಂಡರ್ ಪ್ರಕಾರ ಇದು 2364. ಸ್ಟಾರ್‌ಡೇಟ್ 41986.0. ಇದೇ ಡೇಟಾ ಮೊದಲ ಕಂತಿನಲ್ಲಿ ತಾನು '78ರ ಬ್ಯಾಚ್' ಅಂದಿದ್ದ, ಅದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಪೂರ್ತಿ ವರ್ಷ ಹೇಳಿದ್ದು 'ನ್ಯೂಟ್ರಲ್ ಝೋನ್'ನಲ್ಲಿ, ಆಮೇಲಿನದನ್ನೆಲ್ಲ ಹೊತ್ತಿರುವುದೂ ಅದೇ. ಕೆಂಪು ಚೀಟಿ ಅದಕ್ಕೇ.

ಕರ್ಕ್‌ನ ಕಾಲ ಇದಕ್ಕಿಂತ ಎಷ್ಟು ಹಿಂದೆ? ಉತ್ತರ ಕೊಡುವವರು ಮುದುಕರು. ಕರ್ಕ್‌ನ ಸಹಾಯಕ ಸ್ಪಾಕ್‌ನ ಅಪ್ಪ ಸಾರೆಕ್, ಪರಗ್ರಹದ ವಲ್ಕನ್ ಜನಾಂಗದವನು, ಕರ್ಕ್‌ನ ಹಡಗಿಗೆ ಬಂದಾಗ 102 ವರ್ಷದವನು. ನೆಕ್ಸ್ಟ್ ಜನರೇಷನ್‌ನ ಕ್ಯಾಪ್ಟನ್ ಪಿಕಾರ್ಡ್‌ನ ಹಡಗಿಗೆ ಬಂದಾಗ 202. ಕರ್ಕ್‌ನ ಹಡಗಿನ ಡಾಕ್ಟರ್ ಮೆಕಾಯ್ ನೆಕ್ಸ್ಟ್ ಜನರೇಷನ್‌ನ ಮೊದಲ ಕಂತು 'ಫಾರ್‌ಪಾಯಿಂಟ್'ನಲ್ಲಿ 137 ವರ್ಷದ ಅಜ್ಜ, ಅಂದರೆ ಕರ್ಕ್ ಜೊತೆ ಇದ್ದಾಗ ಸುಮಾರು ನಲವತ್ತು. ಹೀಗೆ ಎರಡು ಕಾಲಗಳ ನಡುವೆ ನೂರು ವರ್ಷ ಅಂತ ಖಾತ್ರಿಯಾಯಿತು. ಕೆಂಪು ಚೀಟಿ ಮಾತ್ರ 2001ರವರೆಗೆ ಕಾಯಬೇಕಾಯಿತು. 'ವೊಯೇಜರ್' ಧಾರಾವಾಹಿಯ ಹುಡುಗನೊಬ್ಬ ತನ್ನ ಪಾಠ ಒಪ್ಪಿಸುತ್ತ, ಕರ್ಕ್‌ನ ಐದು ವರ್ಷದ ಯಾನ 2270ರಲ್ಲಿ ಮುಗಿಯಿತು ಅನ್ನುತ್ತಾನೆ. ಇದರ ಬಿಸಿ 1979ರ ಮೊದಲ ಸಿನಿಮಾಕ್ಕೂ ತಟ್ಟಿತು. ಅದರಲ್ಲಿ ಕರ್ಕ್ ಹಡಗು ಏರದೆ ಎರಡೂವರೆ ವರ್ಷ ದಾಟಿದೆ ಅಂತ ಮಾತಿದೆ. 1993ರ ಪುಸ್ತಕ ಅದನ್ನು 2271ಕ್ಕೆ ಹಾಕಿತ್ತು. ನನ್ನ ಹಲಗೆಯಲ್ಲಿ 2273ಕ್ಕೆ ಸರಿಸಿದೆ.

ಇನ್ನು ನಿಜವಾದ ಕೆಲಸ. ಇಪ್ಪತ್ತು ಸೆಂಟಿಮೀಟರ್ ಹಲಗೆ.

ನೆಕ್ಸ್ಟ್ ಜನರೇಷನ್‌ನಿಂದ ಮುಂದೆ ಸ್ಟಾರ್‌ಡೇಟ್ ಐದಂಕಿಯದು. ಮೊದಲ ಸೀಸನ್ 41 ಸಾವಿರ, ಎರಡನೆಯದು 42 ಸಾವಿರ, ಹೀಗೆ. ಸೀಸನ್‌ಗೆ ಸಾವಿರ, ಸೀಸನ್ ಅಂದರೆ ವರ್ಷ, ಆದ್ದರಿಂದ ವರ್ಷಕ್ಕೆ ಸಾವಿರ ಅಂತ ಎಲ್ಲರೂ ಹಿಡಿಯುತ್ತಾರೆ. ವೊಯೇಜರ್‌ನ ಕೊನೆ ಸೀಸನ್‌ನ 'ಹೋಮ್‌ಸ್ಟೆಡ್' ಕಂತು ಇದಕ್ಕೆ ಅಡ್ಡ ಬರುತ್ತದೆ. ಅಲ್ಲಿ ಮನುಷ್ಯರು ವಲ್ಕನ್ನರನ್ನು ಮೊದಲು ಭೇಟಿಯಾದ ದಿನದ 315ನೇ ವರ್ಷದ ಹಬ್ಬ ನಡೆಯುತ್ತದೆ. ಆ ಭೇಟಿ 2063ರ ಏಪ್ರಿಲ್ 5ರಂದು. ಅಂದರೆ ಹಬ್ಬ 2378ರ ಏಪ್ರಿಲ್ 5. ಸ್ಟಾರ್‌ಡೇಟ್ 54868.6. ತಿಂಗಳು, ದಿನ ಎಲ್ಲ ಸಿಕ್ಕಿತು!

ಈಗ ಕಳೆಯಿರಿ. 54868.6ರಲ್ಲಿ 41986.0 ಹೋದರೆ 12882.6. ವರ್ಷಕ್ಕೆ ಸಾವಿರ ಆದರೆ ಹದಿಮೂರು ವರ್ಷಕ್ಕೂ ಸ್ವಲ್ಪ ಕಮ್ಮಿ. ಆದರೆ 2364ರ ಕಟ್ಟಕಡೆಯ ದಿನದಿಂದ ಎಣಿಸಿದರೂ 2378ರ ಏಪ್ರಿಲ್ 5ಕ್ಕೆ ಹದಿಮೂರು ವರ್ಷ ಮೂರು ತಿಂಗಳು ಬೇಕು. ಸಾಲುವುದಿಲ್ಲ. ಡೇಟಾನ 2364 ಮತ್ತು ಏಪ್ರಿಲ್ 5 ಎರಡೂ ನಿಜವಾದರೆ 'ವರ್ಷಕ್ಕೆ ಸಾವಿರ' ಸುಳ್ಳು. ಇಷ್ಟಕ್ಕೂ ಯಾವ ಪಾತ್ರ ಆ ಸೂತ್ರ ಹೇಳಿದೆ? ಅದು ಸೀಸನ್ ನಂಬರ್‌ನಿಂದ ಹುಟ್ಟಿದ್ದು, ಕತೆಯೊಳಗಿಂದ ಬಂದದ್ದಲ್ಲ.

ಇಲ್ಲಿ ಮೂರನೇ ಗೂಟ ಬೇಕಿತ್ತು. ಅದು 1991ರ 'ಡೇಟಾಸ್ ಡೇ' ಕಂತಿನಲ್ಲಿ ಸಿಕ್ಕಿತು. ಸ್ಟಾರ್‌ಡೇಟ್ 44390.1. ಡೇಟಾ ತನ್ನ ಡೈರಿಯಲ್ಲಿ ಆ ದಿನ ಹಡಗಿನಲ್ಲಿ ಏನೇನಿದೆ ಅಂತ ಓದುತ್ತಾನೆ. ನಾಲ್ಕು ಹುಟ್ಟುಹಬ್ಬ, ಎರಡು ಚೆಸ್ ಪಂದ್ಯ, ಮತ್ತು ಹಿಂದೂಗಳ ಬೆಳಕಿನ ಹಬ್ಬ. ದೀಪಾವಳಿ! ಪರಗ್ರಹಗಳ ನಡುವೆ ಹಾರುವ ಹಡಗಿನಲ್ಲಿ ನಮ್ಮ ದೊಡ್ಡ ಹಬ್ಬ ಅಂತ ಮೊದಲ ಸಲ ನೋಡಿದಾಗ ಖುಷಿಯಾಗಿತ್ತು. ಈ ಸಲ ಅದು ತಾರೀಕಾಗಿ ಕಂಡಿತು.

ದೀಪಾವಳಿಯ ತಾರೀಕು ವರ್ಷಕ್ಕೊಂದು. ಇಪ್ಪತ್ನಾಲ್ಕನೇ ಶತಮಾನದ್ದು ಯಾವ ಬಗ್ಗೋಣ ಪಂಚಾಂಗದಲ್ಲೂ ಇಲ್ಲ. ಪಕ್ಕದ ಮನೆಯ ಭಟ್ಟರ ಹತ್ತಿರ ಹೋಗಿ ಕೇಳಿದೆ. ನಾನು ತಾರೀಕು ತಾರೀಕು ಅಂತ ಹೇಳುತ್ತಿದ್ದರೆ ಅವರು ಕೈ ಅಡ್ಡ ಹಿಡಿದರು. "ತಮಾ, ತಾರೀಕು ಬಿಡು. ತುಲಾ ಸಂಕ್ರಮಣ ಯಾವತ್ತು ನೋಡು. ಅದಾದಮೇಲೆ ಬಪ್ಪ ಅಮಾವಾಸ್ಯೆ ಹಿಡಿ" ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು. ಸಂಕ್ರಮಣ ನಿಂತಲ್ಲಿ ನಿಲ್ಲುವುದಿಲ್ಲ. 1863ರಲ್ಲಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, ಆಗ ತಾರೀಕು ಜನವರಿ 12. ಈಗ 14 ಅಥವಾ 15. ಪಂಚಾಂಗದ ಸೌರ ವರ್ಷ ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಈಗ ಅಕ್ಟೋಬರ್ 17ರ ಹೊತ್ತಿಗೆ ಬರುವ ತುಲಾ ಸಂಕ್ರಮಣ 2366ರ ಹೊತ್ತಿಗೆ 22-23ಕ್ಕೆ ಬಂದಿರುತ್ತದೆ.

ಉಳಿದದ್ದು ಗುಣಾಕಾರ. 2023ರ ದೀಪಾವಳಿ ಅಮಾವಾಸ್ಯೆ ನವೆಂಬರ್ 13ರ ಮಧ್ಯಾಹ್ನ ಮುಗಿದಿತ್ತು. ಚಾಂದ್ರಮಾಸದ ಸರಾಸರಿ 29.530589 ದಿನ. ಅಲ್ಲಿಂದ 4242 ಚಾಂದ್ರಮಾಸ ದಾಟಿದರೆ 2366ರ ನವೆಂಬರ್ 4ರ ಆಚೀಚೆ. ಅಲ್ಲಿಂದ ಹನ್ನೆರಡು ಮಾಸ ಮುಂದೆ ಹೋದರೆ 2367ರ ಅಕ್ಟೋಬರ್ 24ರ ಆಚೀಚೆ. ಎರಡೂ ಸಂಕ್ರಮಣದ ನಂತರವೇ ಬರುತ್ತವೆ, ಹಾಗಾಗಿ ಅಧಿಕ ಮಾಸದ ಗೊಂದಲ ಇಲ್ಲ. ಸರಾಸರಿ ಲೆಕ್ಕದಲ್ಲಿ ಅರ್ಧ ದಿನ ಹೆಚ್ಚುಕಮ್ಮಿ ಆಗಬಹುದು. ಹಡಗಿನವರು ನರಕ ಚತುರ್ದಶಿ ಮಾಡಿದರೋ ಬಲಿಪಾಡ್ಯ ಮಾಡಿದರೋ ಅನ್ನೋದಕ್ಕೆ ಇನ್ನೊಂದೆರಡು ದಿನ. ಹನ್ನೊಂದು ವರ್ಷದ ಅಳತೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಡೇಟಾನ ದೀಪಾವಳಿ 2366ರದ್ದೋ, 2367ರದ್ದೋ? ದೀಪಾವಳಿಯಿಂದ 'ಹೋಮ್‌ಸ್ಟೆಡ್'ವರೆಗೆ ಸ್ಟಾರ್‌ಡೇಟ್ 10478.5ರಷ್ಟು ಓಡಿದೆ. ಎರಡನ್ನೂ ಹಾಕಿ ನೋಡಿದೆ.

2367 ಅಂತಿಟ್ಟುಕೊಳ್ಳಿ. ಅಲ್ಲಿಂದ 2378ರ ಏಪ್ರಿಲ್ 5ಕ್ಕೆ 3816 ದಿನ. ದಿನಕ್ಕೆ 2.746, ವರ್ಷಕ್ಕೆ 1003. ನೋಡಲು ಎಷ್ಟು ಚೆಂದ, ಹಳೇ ಸೂತ್ರವೇ ಗೆದ್ದ ಹಾಗೆ! ಆದರೆ ಅದೇ ಗೆರೆಯನ್ನು ಹಿಂದಕ್ಕೆ ಎಳೆದರೆ 'ನ್ಯೂಟ್ರಲ್ ಝೋನ್' 2365ರ ಜೂನ್‌ಗೆ ಬಂದು ಬೀಳುತ್ತದೆ. ಡೇಟಾ ತಾನಿರುವ ವರ್ಷವನ್ನೇ ತಪ್ಪು ಹೇಳಿದ ಅಂತಾಯಿತು.

2366 ಅಂತಿಟ್ಟುಕೊಂಡರೆ 4170 ದಿನ. ದಿನಕ್ಕೆ 2.513, ವರ್ಷಕ್ಕೆ 918. ಸಂಖ್ಯೆ ದುಂಡಾಗಿಲ್ಲ. ಹಿಂದಕ್ಕೆ ಎಳೆದೆ. 957 ದಿನ. 'ನ್ಯೂಟ್ರಲ್ ಝೋನ್' 2364ರ ಮಾರ್ಚ್ 22ರ ಸುತ್ತ ಬಂತು. ನಾನು 2364ನ್ನು ಈ ಲೆಕ್ಕಕ್ಕೆ ಹಾಕಿರಲಿಲ್ಲ. ಎರಡು ಹಬ್ಬದ ದಿನಗಳನ್ನು ಜೋಡಿಸಿದ ಗೆರೆ ತಾನಾಗಿ ಹೋಗಿ ಡೇಟಾನ ಮಾತನ್ನು ಮುಟ್ಟಿತು. ಹಲಗೆಯ ಮೇಲೆ ನೈಲಾನ್ ದಾರ ಬಿಗಿದು ಎಳೆದಾಗ ಅದು 2364ರ ಕೆಂಪು ಪಿನ್ನಿನ ಚೌಕದೊಳಗೆ ಹಾದುಹೋಯಿತು. ಅವತ್ತು ಭಟ್ಟರನ್ನು ಮಹಡಿಗೆ ಕರೆದು ತೋರಿಸಿದೆ. ದಾರವನ್ನು ಬೆರಳಲ್ಲಿ ಒಮ್ಮೆ ಮೀಟಿ, "ಹಂಗಾರೆ ಎಂಗಳ ಹಬ್ಬ ಅಲ್ಲೂ ಇದ್ದು" ಅಂದರು.

918 ಅನ್ನೋದು ಒಪ್ಪಲು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ಬೇರೆ ಸಾಕ್ಷಿ ಹುಡುಕಿದೆ. ಅದೇ ಕಾಲದ ಇನ್ನೊಂದು ಧಾರಾವಾಹಿ 'ಡೀಪ್ ಸ್ಪೇಸ್ ನೈನ್'ನ ಮೊದಲ ಕಂತು 43997ರಲ್ಲಿ ಶುರುವಾಗಿ, 'ಮೂರು ವರ್ಷದ ನಂತರ' ಅಂತ ಬರೆದು 46379.1ಕ್ಕೆ ಹಾರುತ್ತದೆ. ಹಳೇ ಸೂತ್ರದಲ್ಲಿ ಅದು ಬರೀ 2.4 ವರ್ಷ, ಎರಡು ಅಂತ ಹೇಳುವುದೇ ವಾಸಿ. 918ರಲ್ಲಿ 2.6 ವರ್ಷ, ಮೂರು ಅನ್ನಬಹುದು. ಇನ್ನೊಂದು ಸಾಕ್ಷಿ ಡೇಟಾನ ಡೈರಿಯಲ್ಲೇ ಇದೆ. ದೀಪಾವಳಿಯ ಅದೇ ದಿನ, ಹಡಗು ಸೇವೆಗೆ ಸೇರಿ 1550 ದಿನ ಆಯಿತು ಅನ್ನುತ್ತಾನೆ. ಹಡಗಿನ ಮೊದಲ ಕಂತಿನ ಸ್ಟಾರ್‌ಡೇಟ್ 41153.7. ನನ್ನ ಗೆರೆಯಲ್ಲಿ ಅದು ದೀಪಾವಳಿಗೆ 1288 ದಿನ ಮೊದಲು. ಸೇವೆಗೆ ಸೇರಿದ ಮೇಲೆ ಮೊದಲ ಯಾನಕ್ಕೆ ಎಂಟೂವರೆ ತಿಂಗಳು ಉಳಿಯುತ್ತದೆ, ಪರೀಕ್ಷೆ ಓಡಾಟಕ್ಕೆ ಅಂತ ಇಟ್ಟುಕೊಳ್ಳಬಹುದು. ಹಳೇ ದರದಲ್ಲಿ ಒಂದು ವರ್ಷಕ್ಕೂ ಜಾಸ್ತಿ ಹಡಗು ಸುಮ್ನೆ ಇರಬೇಕಾಗುತ್ತದೆ. ಇದು ಗಟ್ಟಿ ಸಾಕ್ಷಿ ಅಲ್ಲ, ಆದರೆ ವಾಲುವುದು ನನ್ನ ಕಡೆಗೇ.

ಗೆರೆ ಬದಲಾದದ್ದರಿಂದ ಬೇರೆ ಚೀಟಿಗಳೂ ಸರಿದವು. ನೆಕ್ಸ್ಟ್ ಜನರೇಷನ್‌ನ 'ರೆಲಿಕ್ಸ್' ಕಂತಿನಲ್ಲಿ ಕರ್ಕ್‌ನ ಎಂಜಿನಿಯರ್ ಸ್ಕಾಟಿ 75 ವರ್ಷ ಟ್ರಾನ್ಸ್‌ಪೋರ್ಟರ್‌ನಲ್ಲಿ (ಜನರನ್ನು ಕ್ಷಣದಲ್ಲಿ ಸಾಗಿಸುವ ಯಂತ್ರ) ಸಿಕ್ಕಿಕೊಂಡಿದ್ದು ಹೊರಬರುತ್ತಾನೆ. ಸಾಮಾನ್ಯ ಪಟ್ಟಿಯಲ್ಲಿ ಅವನು ಕಾಣೆಯಾದದ್ದು 2294. ನನ್ನ ಹಲಗೆಯಲ್ಲಿ ಆ ಕಂತಿನ ಸ್ಟಾರ್‌ಡೇಟ್ 46125.3 ಅಂದರೆ 2368ರ ಸೆಪ್ಟೆಂಬರ್, ಹಾಗಾಗಿ 2293. 'ಜನರೇಷನ್ಸ್' ಸಿನಿಮಾದಲ್ಲಿ ಕರ್ಕ್ ಕಣ್ಮರೆಯಾಗುವುದು 78 ವರ್ಷ ಹಿಂದೆ. ಸಿನಿಮಾದ ಸ್ಟಾರ್‌ಡೇಟ್ 48632.4 ನನ್ನಲ್ಲಿ 2371ರ ಜೂನ್, ಅಲ್ಲಿಂದ ಹಿಂದೆ ಹೋದರೆ ಅದೂ 2293. ಕರ್ಕ್ ಹೋದ ಕೆಲವೇ ತಿಂಗಳಲ್ಲಿ ಸ್ಕಾಟಿ ಊರುಬಿಟ್ಟ ಅಂತ ಆಗುತ್ತದೆ. ಕತೆಯಾಗಿಯೂ ಅದು ಒಪ್ಪುತ್ತದೆ.

ಆದರೆ ಒಂದು ಗಂಟು ಬಿಡಿಸಲು ಬರುವುದಿಲ್ಲ. 'ರೆಲಿಕ್ಸ್'ನಲ್ಲಿ ಎಂಟರ್‌ಪ್ರೈಸ್ ಹೆಸರು ಕೇಳಿದ ಕೂಡಲೇ ಸ್ಕಾಟಿ, ಕರ್ಕ್ ತಾನೇ ಹಳೇ ಹಡಗು ತೆಗೆದುಕೊಂಡು ಹುಡುಕಿ ಬಂದಿರಬೇಕು ಅನ್ನುತ್ತಾನೆ. ಎರಡು ವರ್ಷದ ನಂತರ ಬಂದ ಸಿನಿಮಾದಲ್ಲಿ ಕರ್ಕ್ ಹೋದದ್ದನ್ನು ಕಣ್ಣಾರೆ ನೋಡಿದವನೇ ಸ್ಕಾಟಿ. ತಲೆ ಮಂಕಾಗಿತ್ತು, ಹಳೇ ನೆನಪಲ್ಲಿ ಅಂದ ಅಂತ ಎಷ್ಟೋ ಅಭಿಮಾನಿಗಳು ಸಮಾಧಾನ ಹೇಳುತ್ತಾರೆ. ನನಗೆ ಅದು ಬೇಡ. ಎರಡೂ ಚೀಟಿಗಳನ್ನು ನಡುವೆ ಕಪ್ಪು ದಾರ ಕಟ್ಟಿ ಹಾಗೇ ಬಿಟ್ಟಿದ್ದೇನೆ. ಕಾಲರೇಖೆ ಕಟ್ಟುವವನು ಸಾಕ್ಷಿಯನ್ನು ತಿದ್ದಬಾರದು.

ಖಾನ್‌ನ ಯುದ್ಧಕ್ಕೆ ಬೇರೆ ವ್ಯವಸ್ಥೆ. 1990ರ ದಶಕ ಬಂತು, ಹೋಯಿತು, ಅಂಥ ಯುದ್ಧ ಆಗಲೇ ಇಲ್ಲ. 2023ರಲ್ಲಿ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಧಾರಾವಾಹಿ ಇದಕ್ಕೆ ಕತೆಯೊಳಗೇ ಉತ್ತರ ಕೊಟ್ಟಿತು. ಕಾಲದಲ್ಲಿ ಹಿಂದೆ ಹೋಗಿ ಕೈಯಾಡಿಸಿದವರಿಂದ ಎಲ್ಲ ತಡವಾಗಿದೆ, ಇದು 1992ರಲ್ಲೇ ಆಗಬೇಕಿತ್ತು ಅಂತ ಶತ್ರುಪಕ್ಷದ ರೊಮ್ಯುಲನ್ ಗೂಢಚಾರಿಣಿಯೇ ಸಿಟ್ಟಿನಿಂದ ಹೇಳುತ್ತಾಳೆ. ಹಾಗಾಗಿ ಆ ಚೀಟಿಗೆ ಉದ್ದನೆಯ ದಾರ ಕಟ್ಟಿ ಎರಡೂ ಜಾಗ ಕೊಟ್ಟೆ. 2009ರ ಸಿನಿಮಾದಿಂದ ಶುರುವಾದ ಬೇರೆ ಕವಲಿಗೆ ಕೆಳಗಡೆ ಸಣ್ಣ ಪಟ್ಟಿ ಹೊಡೆದಿದ್ದೇನೆ, 2233ರಲ್ಲಿ ಒಡೆಯುತ್ತದೆ.

'ಡಿಸ್ಕವರಿ'ಯ ಮೊದಲ ಕಂತು ಮಾತ್ರ ತುಂಬ ಸಂತೋಷ ಕೊಟ್ಟಿತು. 2256ರ ಮೇ 11, ಭಾನುವಾರ ಅಂತ ವಾರದ ಸಮೇತ ಹೇಳುತ್ತಾರೆ. ಪರೀಕ್ಷೆ ಮಾಡಲು ಕಂಪ್ಯೂಟರ್ ಬೇಡ. ಇಂಗ್ಲಿಷ್ ಕ್ಯಾಲೆಂಡರ್‌ನ 400 ವರ್ಷಕ್ಕೆ 1,46,097 ದಿನ, ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ 2256ರ ವಾರ 1856ರದ್ದೇ. ಮೀರತ್‌ನಲ್ಲಿ ಸಿಪಾಯಿಗಳು ಎದ್ದದ್ದು 1857ರ ಮೇ 10, ಭಾನುವಾರ. ಮರುದಿನ ಮೇ 11 ಸೋಮವಾರ. ನಡುವೆ ಫೆಬ್ರವರಿ 29 ಇಲ್ಲ, ಆದ್ದರಿಂದ ಒಂದು ವರ್ಷ ಹಿಂದೆ ಹೋದರೆ ವಾರದಲ್ಲಿ ಒಂದು ದಿನ ಹಿಂದೆ. ಭಾನುವಾರ! ಬರೆದವರು ಲೆಕ್ಕ ಹಾಕಿಯೇ ಬರೆದಿದ್ದಾರೆ. ಆ ಚೀಟಿ ಕೆಂಪು, ಮೂಲೆಯಲ್ಲಿ ಒಂದು ಟಿಕ್.

ಇನ್ನು ಉಳಿದದ್ದು ಡೀಪ್ ಸ್ಪೇಸ್ ನೈನ್‌ನ ಐದನೇ ಸೀಸನ್. ಅದರ ಒಂದು ಕಂತಿನಲ್ಲಿ ಆ ಧಾರಾವಾಹಿಯ ನಾಯಕ ಸಿಸ್ಕೋನ ತಂಡ ಕರ್ಕ್‌ನ ಕಾಲಕ್ಕೆ ಹೋಗುತ್ತದೆ. ಅಂತರ 105 ವರ್ಷ, 1 ತಿಂಗಳು, 12 ದಿನ ಅಂತ ಹೇಳುತ್ತಾರೆ. ಇಷ್ಟು ನಿಖರ ಅಂತರ ಬೇರೆಲ್ಲೂ ಸಿಕ್ಕಿಲ್ಲ. ಹಿಂದುಮುಂದಿನ ಕಂತುಗಳ ಸ್ಟಾರ್‌ಡೇಟ್‌ನಿಂದ ಸಿಸ್ಕೋನ ದಿನವನ್ನು ದಿನಕ್ಕೆ 2.513ರ ಗೆರೆಯ ಮೇಲೆ ಕೂರಿಸಿದರೆ, ಕರ್ಕ್‌ನ ಐದು ವರ್ಷದೊಳಗೆ ಒಂದು ದಿನವನ್ನು ತಿಂಗಳ ಸಮೇತ ಹೇಳಲು ಬರುತ್ತದೆ. ಹಳದಿ ಚೀಟಿ ಬರೆದಿಟ್ಟಿದ್ದೇನೆ, ಪಿನ್ ಇನ್ನೂ ಹೊಡೆದಿಲ್ಲ.